ಇ-ಮೇಲ್ ನಡೆದು ಬಂದ ದಾರಿ

ಬೆಂಗಳೂರಿನಿಂದ ಅರಕಲಗೂಡಿಗೆ ಪತ್ರ ಬರೆಯುವವರು ಲಕೋಟೆಯ ಮೇಲೆ ಹೆಸರು, ಊರು ಹಾಗೂ ಪಿನ್‌ಕೋಡ್ ನಮೂದಿಸಿದರೆ ಸಾಕು. ಅದು ಹಾಸನದ ಮೇಲೆ ಹೋಗಬೇಕೋ, ಚನ್ನರಾಯಪಟ್ಟಣ, ಹೊಳೆನರಸೀಪುರದ ಮೂಲಕ ಹೋಗಬೇಕೋ ಎಂಬುದನ್ನು ಅಂಚೆ ಇಲಾಖೆ ನೋಡಿಕೊಳ್ಳುತ್ತದೆ. ಆದರೆ ನಾಲ್ಕು ದಶಕಗಳ ಹಿಂದೆ ಇ-ಮೇಲ್ ಕಳುಹಿಸುತ್ತಿದ್ದ ಅನೇಕರಿಗೆ ಈ ಅನುಕೂಲವಿರಲಿಲ್ಲ. ಪತ್ರ ಸಾಗಬೇಕಾದ ಸಂಪೂರ್ಣ ದಾರಿಯನ್ನು ಅವರೇ ಬರೆಯಬೇಕಿತ್ತು.

ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ರೇ ಟಾಮ್ಲಿನ್‌ಸನ್ 1971ರಲ್ಲೇ '@' ಚಿಹ್ನೆಯ ವಿಳಾಸವನ್ನು ಬಳಕೆಗೆ ತಂದಿದ್ದರು. ಆ ಜಾಲಕ್ಕೆ ಪ್ರವೇಶವಿಲ್ಲದ ವಿಶ್ವವಿದ್ಯಾಲಯಗಳು ಹಾಗೂ ಕಂಪೆನಿಗಳಿಗೆ ಆಸರೆಯಾದದ್ದು ಬೆಲ್ ಪ್ರಯೋಗಾಲಯದ ಮೈಕ್ ಲೆಸ್ಕ್ 1976ರಲ್ಲಿ ರೂಪಿಸಿದ 'ಯುಯುಸಿಪಿ'. ಒಂದು ಗಣಕಯಂತ್ರ ಸಾಮಾನ್ಯ ದೂರವಾಣಿಯಲ್ಲಿ ಮತ್ತೊಂದಕ್ಕೆ ಕರೆ ಮಾಡಿ, ಕೂಡಿಟ್ಟ ಪತ್ರಗಳನ್ನು ದಾಟಿಸುತ್ತಿತ್ತು. ಕರೆ ದರ ಕಡಿಮೆಯಿರುವ ರಾತ್ರಿಯೇ ಇದಕ್ಕೆ ಪ್ರಶಸ್ತ ಸಮಯವಾಗಿತ್ತು.

ಇಲ್ಲಿ ವಿಳಾಸವೆಂದರೆ ಆಶ್ಚರ್ಯಸೂಚಕ ಚಿಹ್ನೆಗಳಿಂದ ಪೋಣಿಸಿದ ಹೆಸರುಗಳ ಸರ. ಉದಾಹರಣೆಗೆ, ಈ ಊರುಗಳನ್ನೇ ಗಣಕಯಂತ್ರಗಳೆಂದು ಭಾವಿಸಿದರೆ 'ಚನ್ನರಾಯಪಟ್ಟಣ!ಹೊಳೆನರಸೀಪುರ!ಅರಕಲಗೂಡು!ರಾಮಣ್ಣ' ಎಂದು ಬರೆಯಬೇಕಿತ್ತು. ಪ್ರತಿ ಯಂತ್ರವೂ ಮೊದಲಿನ ಹೆಸರನ್ನು ಕಳಚಿ, ಉಳಿದದ್ದನ್ನು ಮುಂದಕ್ಕೆ ರವಾನಿಸುತ್ತಿತ್ತು. ನಡುವಿನ ಒಂದು ಯಂತ್ರ ಕೆಟ್ಟರೆ ಪತ್ರ ಅಲ್ಲಿಗೇ ನಿಲ್ಲುತ್ತಿತ್ತು. ಎರಡೂ ಚಿಹ್ನೆಗಳಿರುವ ವಿಳಾಸ ಬಂದರಂತೂ ಗೊಂದಲವೇ ಸರಿ: ಒಂದು ಜಾಲ ಎಡದಿಂದ ಓದಿದರೆ, ಇನ್ನೊಂದು ಬಲದಿಂದ ಓದುತ್ತಿತ್ತು!

ಈ ಗೊಂದಲ ಹಂತಹಂತವಾಗಿ ಬಗೆಹರಿಯಿತು. 1982ರಲ್ಲಿ ಇ-ಮೇಲ್ ಹೆಡರ್ (ತಲೆಬರಹ) ಹೇಗಿರಬೇಕೆಂಬ ನಿಯಮ ಪ್ರಕಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದರು. ದಾರಿ ಹುಡುಕುವ ಹೊಣೆ ಕ್ರಮೇಣ ಮನುಷ್ಯರಿಂದ ಯಂತ್ರಗಳಿಗೆ ವರ್ಗವಾಯಿತು.

ಬೆಂಗಳೂರಿನ ಪಾಲು

ಭಾರತದಲ್ಲಿ 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ 'ಇಆರ್‌ನೆಟ್' ಯೋಜನೆ ಆರಂಭವಾಯಿತು. ಪಾಲ್ಗೊಂಡ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಇಲ್ಲಿಯೂ ಮೊದಲ ಪತ್ರಗಳು ದೂರವಾಣಿ ಕರೆಯ ಮೂಲಕವೇ ಸಾಗಿದವು. ವಿದೇಶಗಳ ಸಂಪರ್ಕಕ್ಕೆ ಮುಂಬೈನ ಎನ್‌ಸಿಎಸ್‌ಟಿ ಹೆಬ್ಬಾಗಿಲಾಗಿತ್ತು. ಜನಸಾಮಾನ್ಯರಿಗೆ ಇಂಟರ್‌ನೆಟ್ ಮುಕ್ತವಾದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ಇಂದೂ ಉಳಿದಿರುವ ಮೊಹರು

ದಾರಿ ಬರೆಯುವ ಕಷ್ಟ ತಪ್ಪಿದರೂ ದಾರಿಯ ಗುರುತು ಅಳಿದಿಲ್ಲ. ಇ-ಮೇಲ್ ಹಾದುಬರುವ ಪ್ರತಿ ಸರ್ವರ್ ಕೂಡ ಹೆಡರ್‌ನ ಮೇಲ್ಭಾಗದಲ್ಲಿ 'ರಿಸೀವ್ಡ್' ಎಂಬ ಸಾಲನ್ನು ಸೇರಿಸುತ್ತದೆ. ಯಾರಿಂದ, ಯಾವಾಗ ಪಡೆಯಿತೆಂಬ ವಿವರ ಅದರಲ್ಲಿರುತ್ತದೆ. ಅಂಚೆ ಮೊಹರಿನಂತಿರುವ ಈ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಬ್ಯಾಂಕಿನ ಹೆಸರಿನಲ್ಲಿ ಬರುವ ವಂಚನೆಯ ಪತ್ರಗಳನ್ನು ಪತ್ತೆಹಚ್ಚಲು ಇದೇ ಆಧಾರ. 'ಫ್ರಮ್' ಎಂಬಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು. ಕೆಳಗಿನ ಮೊಹರುಗಳನ್ನೂ ವಂಚಕರು ನಕಲು ಮಾಡಬಲ್ಲರು. ಆದರೆ ಪತ್ರ ಸ್ವೀಕರಿಸಿದ ನಮ್ಮದೇ ಸರ್ವರ್ ಒತ್ತಿದ ಮೇಲಿನ ಮೊಹರು ಅವರ ಕೈಗೆ ಸಿಗದು. ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ಆಯ್ಕೆ ಒತ್ತಿದರೆ ಇದೆಲ್ಲವೂ ಕಾಣುತ್ತದೆ.

ಇಂತಹ ಪತ್ರವನ್ನು ಫಾರ್ವರ್ಡ್ ಮಾಡಿದರೆ ಸಾಮಾನ್ಯವಾಗಿ ಮೂಲ ಹೆಡರ್ ಜೊತೆಗೆ ಹೋಗುವುದಿಲ್ಲ. ಆದ್ದರಿಂದ ಹಣ ಕಳೆದುಕೊಂಡವರು ಸಹಾಯವಾಣಿ 1930ಕ್ಕೆ ದೂರು ನೀಡುವುದರ ಜೊತೆಗೆ, ಮೂಲ ಪತ್ರವನ್ನು ಅಳಿಸದೆ ಉಳಿಸಿಕೊಳ್ಳುವುದು ಅಗತ್ಯ.