ಸುಗಮ ಸಂಗೀತದ ಸಿ. ಅಶ್ವತ್ಥ್

ಕವಿ ಬರೆದ ಪದ್ಯಕ್ಕೆ ಧಾಟಿ ಕೂಡಿದ ಮೇಲೆ ಅದು ಯಾರ ಸೊತ್ತು? ಕವಿಯದೋ, ಗಾಯಕನದೋ? ಸುಗಮ ಸಂಗೀತದಲ್ಲಿ ಈ ಪ್ರಶ್ನೆ ಹಳೆಯದು. ಸಿ. ಅಶ್ವತ್ಥರ ಗಾಯನವನ್ನು ಕೇಳಿದವರಿಗೆ ಅದು ಮತ್ತೆ ಹೊಸದಾಗಿ ತೋರುತ್ತದೆ.

ಅಶ್ವತ್ಥರು 1939ರ ಡಿಸೆಂಬರ್ 29ರಂದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಜನಿಸಿದರು. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದು, ಐ.ಟಿ.ಐ. ದೂರವಾಣಿ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದು, 1992ರಲ್ಲಿ ನಿವೃತ್ತರಾದರು. ಅವರ ಹೆಸರಾಂತ ಹಾಡುಗಳಲ್ಲಿ ಅನೇಕವು ಈ ನೌಕರಿಯ ನಡುವೆಯೇ ಹುಟ್ಟಿದವು.

ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಅವರು ಹಿಂದುಸ್ತಾನಿ ಸಂಗೀತವನ್ನು ಕಲಿತರು. ಅದರಿಂದ ದೀರ್ಘವಾದ ಉಸಿರು, ತಾರಸ್ಥಾಯಿಯಲ್ಲಿ ಅಳುಕದೆ ನಿಲ್ಲುವ ಶಕ್ತಿ ದೊರೆತವು. ರಂಗಭೂಮಿ ಮತ್ತೊಂದು ಪಾಠ ಕಲಿಸಿತು. ನಾಟಕದಲ್ಲಿ ಹಾಡು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಬೇಕು. ಮಾತು ಕೇಳಿಸದಿದ್ದರೆ ರಾಗವಿದ್ದೂ ಫಲವಿಲ್ಲ. ಮಾಸ್ತಿಯವರ ‘ಕಾಕನಕೋಟೆ’ ಚಲನಚಿತ್ರವಾದಾಗ ಅದಕ್ಕೆ ಸಂಗೀತ ನೀಡಿದವರು ಅಶ್ವತ್ಥರೇ. ಇವೆರಡರ ಜೊತೆಗೆ ಜಾನಪದದ ತಾಳಗತಿಯೂ ಸೇರಿ ಅವರ ಶೈಲಿ ರೂಪುಗೊಂಡಿತು.

ಈ ಬೆರಕೆಯ ಫಲ ಶಿಶುನಾಳ ಶರೀಫರ ಹಾಡುಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಈ ಸಂತಕವಿಯ ತತ್ತ್ವಪದಗಳು ಉತ್ತರ ಕರ್ನಾಟಕದ ಭಜನಾಮೇಳಗಳಲ್ಲಿ ಏಕತಾರಿಯ ನಾದದೊಡನೆ ಉಳಿದುಬಂದಿದ್ದವು. ಅವುಗಳಲ್ಲಿ ಹಲವು ಒಗಟಿನಂಥವು. ಒಮ್ಮೆ ಕೇಳಿದರೆ ಅರ್ಥವಾಗುವುದಿಲ್ಲ. ಅಶ್ವತ್ಥರು ಪಲ್ಲವಿಯನ್ನು ಮರಳಿ ಮರಳಿ ಹಾಡುವರು. ಒಮ್ಮೆ ತಗ್ಗಿದ ದನಿಯಲ್ಲಿ, ಒಮ್ಮೆ ಕೂಗಿ ಕರೆದಂತೆ. ಅಷ್ಟರಲ್ಲಿ ಒಗಟಿನ ಗಂಟು ಕೇಳುಗನ ಮನಸ್ಸಿನಲ್ಲಿ ತಾನಾಗಿ ಸಡಿಲುತ್ತದೆ. ಕ್ಯಾಸೆಟ್ಟುಗಳ ಮೂಲಕ ಶರೀಫರು ದಕ್ಷಿಣದ ಮನೆಗಳಿಗೂ ಬಂದರು. ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದ ಸಂಗೀತವೂ ಅಶ್ವತ್ಥರದೇ.

ಆದರೆ ಭಾವಗೀತೆಗೆ ಇಷ್ಟು ಆರ್ಭಟ ಸಲ್ಲದೆಂದು ಆಕ್ಷೇಪಿಸಿದವರೂ ಇದ್ದರು. ಈ ಆಕ್ಷೇಪ ತೀರ ನಿರಾಧಾರವಲ್ಲ. ಮೆಲುದನಿಯಲ್ಲಿ ಅರಳಬೇಕಾದ ಪದ್ಯವು ಏರುದನಿಯಲ್ಲಿ ಬಾಡುವುದುಂಟು. ಹಾಗೆಂದು ಅವರಿಗೆ ಮೆಲುದನಿ ತಿಳಿದಿರಲಿಲ್ಲವೆಂದಲ್ಲ, ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ದಾಂಪತ್ಯಗೀತೆಗಳಿಗೆ ಅವರು ಕೂಡಿಸಿದ ಧಾಟಿಗಳು ಮನೆಯೊಳಗಿನ ಮಾತಿನಷ್ಟೇ ಮೃದುವಾಗಿವೆ. ಯಾವ ಪದ್ಯಕ್ಕೆ ಯಾವ ದನಿ ಎಂಬುದನ್ನು ಪದ್ಯದ ಅರ್ಥವೇ ನಿರ್ಧರಿಸಬೇಕು.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿಕೊಟ್ಟ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ನೆರೆಯಿತು. ಅಲ್ಲಿ ಕೇಳಿಬಂದುದು ಕನ್ನಡ ಕವಿಗಳ ಪದ್ಯಗಳು. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಅಶ್ವತ್ಥರು ತೀರಿಕೊಂಡರು. ಬಸವನಗುಡಿಗೆ ಸಮೀಪದ ಎನ್. ಆರ್. ಕಾಲೊನಿಯಲ್ಲಿ ಅವರ ಹೆಸರಿನ ಕಲಾಭವನವಿದೆ.