ನಿಮಗಿದು ಗೊತ್ತೇ? ದೈತ್ಯ ಕಂಪನಿಗಳು, ಮರಿ ಸ್ಟಾರ್ಟಪ್‌ಗಳು

● 1980ರ ದಶಕದ ಆರಂಭದವರೆಗೂ ಮಧುಮೇಹಿಗಳಿಗೆ ಹಂದಿ, ದನಗಳ ಇನ್ಸುಲಿನ್ನೇ ಗತಿ. 1976ರಲ್ಲಿ ಹುಟ್ಟಿದ ಜೆನೆಂಟೆಕ್ ಎರಡೇ ವರ್ಷದಲ್ಲಿ ಬ್ಯಾಕ್ಟೀರಿಯಾದ ಕೈಯಲ್ಲಿ ಮಾನವ ಇನ್ಸುಲಿನ್ ಮಾಡಿಸಿತು. ರಾಶಿಗಟ್ಟಲೆ ತಯಾರಿಸಿ ಮಾರುವ ಶಕ್ತಿ ಇದ್ದದ್ದು 1920ರ ದಶಕದಿಂದ ಇನ್ಸುಲಿನ್ ಮಾರುತ್ತಿದ್ದ ಎಲಿ ಲಿಲಿಗೆ. ಇಬ್ಬರೂ ಕೈಜೋಡಿಸಿದರು, 1982ರಲ್ಲಿ ಹ್ಯೂಮುಲಿನ್ ಹೆಸರಿನ ಈ ಇನ್ಸುಲಿನ್‌ಗೆ ಅಮೆರಿಕದ ಅನುಮತಿ ಸಿಕ್ಕಿತು.

● 1980ರಲ್ಲಿ ಐಬಿಎಂ ತನ್ನ ಪಿಸಿಗೆ ಆಪರೇಟಿಂಗ್ ಸಿಸ್ಟಂ ಕೇಳಿದ್ದು ಐದು ವರ್ಷದ ಕೂಸು ಮೈಕ್ರೋಸಾಫ್ಟನ್ನು. ಅವರ ಬಳಿ ಅದು ಇರಲೇ ಇಲ್ಲ! ಸಿಯಾಟಲ್‌ನ ಇನ್ನೊಂದು ಸಣ್ಣ ಕಂಪನಿಯಿಂದ ಪಡೆದು, ತಿದ್ದಿ ಕೊಟ್ಟರು. ಆದರೆ ಬೇರೆ ಕಂಪ್ಯೂಟರ್ ಕಂಪನಿಗಳಿಗೂ ಮಾರುವ ಹಕ್ಕನ್ನು ಕರಾರಿನಲ್ಲಿ ಉಳಿಸಿಕೊಂಡರು. ಐಬಿಎಂ ಮಾದರಿಯ ಪಿಸಿಗಳು ಎಲ್ಲೆಡೆ ಬಂದಾಗ ಲಾಭ ಯಾರ ಜೇಬಿಗೆ ಹೋಯಿತೆಂದು ಹೇಳಬೇಕಿಲ್ಲ.

● ಪ್ರಿಂಗಲ್ಸ್ ಚಿಪ್ಸ್ ಮೇಲೆ ಚಿತ್ರ, ಒಗಟು ಅಚ್ಚು ಹಾಕುವ ವಿದ್ಯೆ, ಆಗ ಅದನ್ನು ತಯಾರಿಸುತ್ತಿದ್ದ ಪಿ ಆ್ಯಂಡ್ ಜಿಯ ಪ್ರಯೋಗಾಲಯದ್ದಲ್ಲ. ಇಟಲಿಯ ಬೊಲೋನ್ಯಾದ ಪುಟ್ಟ ಬೇಕರಿಯದ್ದು.

● ಬಿಎಂಡಬ್ಲ್ಯುನ ಸ್ಟಾರ್ಟಪ್ ಗ್ಯಾರೇಜ್ (2015) ಪಾಲು ಕೇಳುವುದಿಲ್ಲ, ಗಿರಾಕಿಯಾಗುತ್ತದೆ. ಇನ್ನೂ ಪೂರ್ತಿ ಹದಕ್ಕೆ ಬಾರದ ತಂತ್ರಜ್ಞಾನವನ್ನು ದುಡ್ಡು ಕೊಟ್ಟು ಕೊಂಡು ಪರೀಕ್ಷಿಸುತ್ತದೆ. “ಮೊದಲು ಪುಕ್ಕಟೆ ಮಾಡಿ ತೋರಿಸಿ, ಆಮೇಲೆ ನೋಡೋಣ” ಎನ್ನುವವರು ಇದನ್ನು ಗಮನಿಸಬೇಕು. ಹೊಸ ಕಂಪನಿಗೆ ಹೂಡಿಕೆಗಿಂತ ಮೊದಲ ಆರ್ಡರ್ ದೊಡ್ಡದು.

● ಫೈಜರ್, ಬಯೋಎನ್‌ಟೆಕ್ ಮೊದಲು ಜೊತೆಯಾದದ್ದು ಕೋವಿಡ್‌ಗಾಗಿ ಅಲ್ಲ. 2018ರಲ್ಲೇ ಫ್ಲೂ ಲಸಿಕೆಗಾಗಿ ಒಪ್ಪಂದವಾಗಿತ್ತು. ಹಾಗಾಗಿ 2020ರ ಮಾರ್ಚ್‌ನಲ್ಲಿ ಕೋವಿಡ್ ಲಸಿಕೆಗೆ ಕೈಜೋಡಿಸುವಾಗ ಪರಿಚಯದಿಂದ ಶುರುಮಾಡುವ ಕಷ್ಟ ಇರಲಿಲ್ಲ.

● ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿ ಏಥರ್‌ನಲ್ಲಿ 2016ರಲ್ಲಿ ಹಣ ಹೂಡಿದ ಹೀರೋ ಮೋಟೋಕಾರ್ಪ್, 2022ರಲ್ಲಿ ತನ್ನದೇ ವಿದಾ ವಿದ್ಯುತ್ ಸ್ಕೂಟರ್ ತಂದಿತು. ಅಲ್ಲಿಗೆ ಪಾಲುದಾರನೇ ಪೈಪೋಟಿಗೂ ಇಳಿದಂತಾಯಿತು! ಆದರೂ ಚಾರ್ಜಿಂಗ್ ಜಾಲವನ್ನು ಹಂಚಿಕೊಂಡಿದ್ದಾರೆ.

● ನಮ್ಮ ಎಂಎಸ್‌ಎಂಇ ಕಾಯ್ದೆ (2006) ಪ್ರಕಾರ ನೋಂದಾಯಿತ ಅತಿಸಣ್ಣ, ಸಣ್ಣ ಉದ್ಯಮಗಳ ಬಿಲ್ಲನ್ನು, ಕರಾರಿನಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಚುಕ್ತಾ ಮಾಡಬೇಕು. ಬರವಣಿಗೆಯ ಕರಾರೇ ಇಲ್ಲದಿದ್ದರೆ ಗಡುವು 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೊಡ್ಡ ಗಿರಾಕಿಯ ಮುನಿಸಿಗೆ ಹೆದರಿ ಇದನ್ನು ಕೇಳಲು ಹಿಂಜರಿಯುವವರೇ ಹೆಚ್ಚು.