ಬಣ್ಣದ ನೀರೂ ಬ್ಯಾಕ್ಟೀರಿಯಗಳೂ

ಬಟ್ಟೆಗಳಿಗೆ ಹಾಕುವ ಕೃತಕ ಬಣ್ಣಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವು ‘ಅಜೋ’ ವರ್ಗಕ್ಕೆ ಸೇರಿದವು. 1858ರಲ್ಲಿ ಪೀಟರ್ ಗ್ರೀಸನು ಡಯಾಜೋ ಸಂಯುಕ್ತಗಳನ್ನು ಕಂಡುಹಿಡಿದುದೇ ಇವುಗಳ ಹುಟ್ಟಿಗೆ ಕಾರಣವಾಯಿತು. ಎರಡು ಸಾರಜನಕ ಪರಮಾಣುಗಳು ಜೋಡಿಬಂಧದಿಂದ ಕೂಡಿರುವುದು ಇವುಗಳ ಲಕ್ಷಣ. ಸಾರಜನಕಕ್ಕೆ ಫ್ರೆಂಚರಿಟ್ಟ ‘ಅಜೋಟ್’ ಎಂಬ ಹೆಸರಿನಿಂದ ಈ ಪದವು ಬಂದಿತು. ಅದರ ಗ್ರೀಕ್ ಮೂಲಕ್ಕೆ ‘ಜೀವವಿಲ್ಲದುದು’ ಎಂದರ್ಥ. ನಿರ್ಜೀವವೆಂಬ ಹೆಸರು ಹೊತ್ತ ಈ ಬಂಧವನ್ನು ಕಡಿಯಲು ಅತಿ ಸೂಕ್ಷ್ಮ ಜೀವಿಗಳಾದ ಬ್ಯಾಕ್ಟೀರಿಯಗಳೇ ಸಮರ್ಥವಾಗಿರುವುದು ಕೌತುಕದ ಸಂಗತಿ.

ಬಿಸಿಲಿಗೂ ಸಾಬೂನಿಗೂ ಜಗ್ಗದಂತೆ ರಚಿತವಾದ ಈ ಬಣ್ಣಗಳು ಗಾಳಿಯಾಡುವ ತೊಟ್ಟಿಗಳಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಗಾಳಿಯನ್ನು ತಡೆದರೆ ಸ್ಥಿತಿ ಬೇರೆಯಾಗುತ್ತದೆ. ಬ್ಯಾಕ್ಟೀರಿಯಗಳು ಆಹಾರವನ್ನು ಒಡೆದಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳನ್ನು ಯಾವುದಾದರೊಂದು ವಸ್ತುವಿಗೆ ಒಪ್ಪಿಸಬೇಕು. ಆಮ್ಲಜನಕವಿದ್ದರೆ ಅದೇ ಅವನ್ನು ಕಸಿದುಕೊಳ್ಳುತ್ತದೆ. ಇಲ್ಲದಿದ್ದರೆ ಅವು ಅಜೋ ಬಂಧಕ್ಕೆ ಸಲ್ಲುತ್ತವೆ. ನಾಲ್ಕು ಎಲೆಕ್ಟ್ರಾನುಗಳು ಸೇರಿದೊಡನೆ ಬಂಧವು ಕಡಿದು, ಬಣ್ಣವು ಮಾಯವಾಗುತ್ತದೆ. ನೂಲಿಗೆ ಹಚ್ಚಿದ್ದ ಗಂಜಿಯು ತೊಳೆದ ನೀರಿನೊಡನೆ ಬಂದು ಸೇರಿದರೆ ಈ ಜೀವಿಗಳಿಗೆ ಆಹಾರವೂ ಅಲ್ಲಿಯೇ ದೊರೆತಂತಾಯಿತು. (ನೀಲಿಯ ಬಾನಿಯಲ್ಲಿಯೂ ಬ್ಯಾಕ್ಟೀರಿಯಗಳು ಬಣ್ಣವನ್ನು ಅಡಗಿಸುವುದುಂಟು. ಆದರೆ ಅಲ್ಲಿ ಅಣುವು ಒಡೆಯುವುದಿಲ್ಲ. ಬಟ್ಟೆಯನ್ನು ಗಾಳಿಗೆ ಹಿಡಿದೊಡನೆ ನೀಲಿಯು ಮರಳುತ್ತದೆ.)

ಬಣ್ಣ ಹೋದ ನೀರು ನಿರ್ಮಲವೆಂದು ಭಾವಿಸುವುದು ಮಾತ್ರ ತಪ್ಪು. ‘ನಿರ್ಮಲ’ವೆಂದರೆ ಮಲವಿಲ್ಲದುದು, ಬಣ್ಣವಿಲ್ಲದುದಲ್ಲ. ಅಣುವು ಒಡೆದಾಗ ಹುಟ್ಟುವ ಅಮೀನುಗಳು ಬಹುತೇಕ ವರ್ಣಹೀನವಾದರೂ ಅವುಗಳ ಗುಣ ಮೂಲವಸ್ತುವಿನ ಗುಣವಲ್ಲ. ಪ್ರಾಂಟೊಸಿಲ್ ಎಂಬ ಕೆಂಪು ಅಜೋ ಬಣ್ಣವು ದೇಹದೊಳಗೆ ಒಡೆದು, ಅದರಿಂದ ಹೊರಟ ಸಲ್ಫನಿಲಮೈಡೇ ರೋಗಾಣುಗಳನ್ನು ತಡೆಯುತ್ತದೆಂದು 1935ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿಕೊಟ್ಟರು. ಅಲ್ಲಿ ತುಣುಕು ಔಷಧವಾಯಿತು. 1884ರಲ್ಲಿ ಬಂದ ಕಾಂಗೋ ಕೆಂಪು ಒಡೆದರೆ ಹೊರಡುವುದು ಬೆಂಜಿಡೀನ್. ಅದು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂದು ನಿಶ್ಚಿತವಾಗಿರುವ ವಿಷ. ಇಂತಹ ಅಮೀನುಗಳನ್ನು ಬಿಡುವ ಬಣ್ಣಗಳನ್ನು ಉಡುಪುಗಳಲ್ಲಿ ಬಳಸುವುದನ್ನು ಜರ್ಮನಿಯು 1994ರಲ್ಲಿ ನಿಷೇಧಿಸಿತು.

ಆದಕಾರಣ ಗಾಳಿಯಿಲ್ಲದ ತೊಟ್ಟಿಯ ಬಳಿಕ ಗಾಳಿಯೂದುವ ಎರಡನೆಯ ತೊಟ್ಟಿಯು ಅವಶ್ಯ. ಅಲ್ಲಿ ಬೇರೆ ಬ್ಯಾಕ್ಟೀರಿಯಗಳು ಆಮ್ಲಜನಕದ ನೆರವಿನಿಂದ ಅಮೀನುಗಳ ಉಂಗುರವನ್ನು ಬಿಡಿಸಿ ತಿನ್ನುತ್ತವೆ. ಎಲ್ಲ ಅಮೀನುಗಳೂ ಹೀಗೆ ಮಣಿಯವು. ಗಂಧಕಾಮ್ಲದ ಅಂಶವುಳ್ಳ ಕೆಲವು ಹಾಗೆಯೇ ಉಳಿದರೆ, ಮತ್ತೆ ಕೆಲವು ಗಾಳಿ ಸೋಕಿ ಕಂದು ಬಣ್ಣಕ್ಕೆ ತಿರುಗುತ್ತವೆ. ಆದುದರಿಂದ ನೀರಿನ ಪರೀಕ್ಷೆಯಲ್ಲಿ ಬಣ್ಣದ ಅಳತೆಯೊಡನೆ ಅಮೀನುಗಳ ಅಳತೆಯೂ ಇರಬೇಕು.

ಉಪ್ಪಿನ ವಿಷಯದಲ್ಲಂತೂ ಬ್ಯಾಕ್ಟೀರಿಯಗಳು ನಿರುಪಾಯ. ಹತ್ತಿಬಟ್ಟೆಗೆ ಬಣ್ಣ ಹಿಡಿಯಲು ಬಾನಿಗೆ ಧಾರಾಳವಾಗಿ ಸುರಿಯುವ ಉಪ್ಪು ಎರಡು ತೊಟ್ಟಿಗಳನ್ನೂ ದಾಟಿ ಹೊರಬೀಳುತ್ತದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿಯನ್ನೂ ಅದರ ಕೆಳದಂಡೆಯ ಹೊಲಗಳನ್ನೂ ಕೆಡಿಸಿದುದರಲ್ಲಿ ಬಣ್ಣಕ್ಕಿಂತ ಈ ಉಪ್ಪಿನ ಪಾಲು ಕಡಮೆಯದಲ್ಲ. 2011ರಲ್ಲಿ ಮದರಾಸು ಉಚ್ಚನ್ಯಾಯಾಲಯವು ಅಲ್ಲಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ತೊಟ್ಟು ನೀರನ್ನೂ ಹೊರಬಿಡದೆ, ಉಪ್ಪನ್ನು ಬೇರ್ಪಡಿಸಿ ನೀರನ್ನು ಮರುಬಳಸುವ ಹೊಣೆಯು ಅವುಗಳ ಮೇಲೆ ಬಿದ್ದಿತು.